ಸಣ್ಣತ್ತೆ ಕೇಳಿದ ಪ್ರಶ್ನೆ

ಕಳೆದ ವರ್ಷ ನನ್ನ ದೊಡ್ಡಪ್ಪನ ಮಗ ತನ್ನ ಮೊಮ್ಮಗನ ಉಪನಯನದ ಸಂದರ್ಭಕ್ಕೆಂದು ನಮ್ಮ ಮನೆತನದ ವಂಶವೃಕ್ಷವನ್ನು ಅಚ್ಚು ಹಾಕಿಸಿದ. ನುಣುಪು ಕಾಗದದ ಮೇಲೆ ಬಣ್ಣದ ಆಲದ ಮರ, ಅದರ ತುಂಬ ಏಳು ತಲೆಮಾರಿನ ಹೆಸರುಗಳು. ಊಟದ ಪಂಕ್ತಿ ಎದ್ದ ಮೇಲೆ ತಾಂಬೂಲದ ಜೊತೆಗೆ ಎಲ್ಲರ ಕೈಗೂ ಒಂದೊಂದು ಪ್ರತಿ ಬಂತು. ನಾನು ಕನ್ನಡಕ ಏರಿಸಿಕೊಂಡು ಅಜ್ಜನ ಹೆಸರಿದ್ದ ಕೊಂಬೆಯನ್ನು ಹುಡುಕಿದೆ. ಅಜ್ಜನಿದ್ದ, ಅಜ್ಜನ ಅಣ್ಣತಮ್ಮಂದಿರಿದ್ದರು. ಅಜ್ಜನ ತಂಗಿ, ನಮ್ಮ ಸಣ್ಣತ್ತೆ, ಇರಲಿಲ್ಲ.

"ಅಣ್ಣಾ, ಸಣ್ಣತ್ತೆ ಎಲ್ಲಿ?" ಎಂದೆ.

"ಸಂತಾನ ಇಲ್ಲದವರನ್ನ ಮರದಲ್ಲಿ ಎಲ್ಲಿ ಕೂರಿಸೋದೇ? ಕೊಂಬೆ ಮುಂದಕ್ಕೆ ಹೋಗೋದಿಲ್ವಲ್ಲ" ಎಂದು ಅವನು ನಕ್ಕ. ಒಳ್ಳೆಯವನೇ. ನನ್ನ ಮುಖ ಸಣ್ಣದಾದದ್ದನ್ನು ಕಂಡು, "ಹೋಗಲಿ, ಮುಂದಿನ ಸಲ ಹಾಕೋಣ. ಅವಳ ಹೆಸರೇನು ಹೇಳು" ಎಂದ.

ನಾನು ಬಾಯಿ ತೆರೆದವಳು ಹಾಗೇ ನಿಂತೆ. ಹದಿನೆಂಟು ವರ್ಷ ಅವಳ ಸೆರಗಿನ ಹತ್ತಿರವೇ ಬೆಳೆದ ನನಗೆ ಅವಳ ಹೆಸರು ಗೊತ್ತಿರಲಿಲ್ಲ. ಅಪ್ಪ ಅವಳನ್ನು ಸಣ್ಣತ್ತೆ ಎನ್ನುತ್ತಿದ್ದರು, ಹಾಗಾಗಿ ಅಮ್ಮನಿಗೂ ಅವಳು ಸಣ್ಣತ್ತೆ, ನಮಗೂ ಸಣ್ಣತ್ತೆ, ಹಾಲು ತರುವ ಹುಡುಗನಿಗೂ ಸಣ್ಣತ್ತೆ. ಕನ್ನಡದಲ್ಲಿ ನಾದಿನಿಗೆ, ಓರಗಿತ್ತಿಗೆ, ಬೀಗಿತ್ತಿಗೆ ಎಲ್ಲರಿಗೂ ಅವರದ್ದೇ ಒಂದು ಮಾತುಂಟು. ಅಜ್ಜನ ತಂಗಿಯನ್ನು ಮಾತ್ರ ನಾವು ಅಪ್ಪನಿಂದಲೋ ಅಮ್ಮನಿಂದಲೋ ಸಾಲ ಪಡೆದ ಮಾತಿನಿಂದ ಕರೆಯುತ್ತೇವೆ. ದೊಡ್ಡತ್ತೆ, ಸಣ್ಣಜ್ಜಿ, ಇಲ್ಲವೇ ಬರೀ ಅಜ್ಜಿ.

ಆ ದಿನ ಮನೆಗೆ ಬಂದವಳೇ ಕಪಾಟಿನಿಂದ 'ಫಣಿಯಮ್ಮ'ನನ್ನು ಕೆಳಗಿಳಿಸಿದೆ. ಅದಕ್ಕೊಂದು ಕಾರಣವಿದೆ.

ಎಂ. ಕೆ. ಇಂದಿರಾ ಅವರ ಈ ಕಾದಂಬರಿ 1976ರಲ್ಲಿ ಬಂತು. ನಾನು ಅದನ್ನು ಮೊದಲು ಓದಿದ್ದು 1985ರಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದಾಗ. ಓದಿದ್ದು ಎನ್ನುವುದಕ್ಕಿಂತ ಓದಿ ಹೇಳಿದ್ದು ಎನ್ನಬೇಕು. ಸಣ್ಣತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನದ ಒಂದು ಹೊತ್ತಿನ ಊಟ ಮುಗಿಸಿ ಅವಳು ಹಿಂದಿನ ಜಗುಲಿಯಲ್ಲಿ ಹತ್ತಿ ಹರವಿಕೊಂಡು ಬತ್ತಿ ಹೊಸೆಯಲು ಕೂತರೆ, ರಜೆಯ ದಿನಗಳಲ್ಲಿ ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂರಬೇಕು. ಅವಳಿಗೆ ಆಗ ಎಪ್ಪತ್ತೇಳರ ಸುಮಾರು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು. ಒಂಬತ್ತು ವರ್ಷಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಮಕ್ಕಳಾದ ನಮಗೆ ಇದು ಗೊತ್ತಿತ್ತು, ಆದರೆ ಇದರ ಅರ್ಥ ಗೊತ್ತಿರಲಿಲ್ಲ.

ಫಣಿಯಮ್ಮನ ಕತೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುತ್ತದೆ. ಇಂದಿರಾ ಅವರು ಕಲ್ಪಿಸಿಕೊಂಡವಳಲ್ಲ ಅವಳು. ತಮ್ಮ ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದ ಹಿರಿಯಳ ಬದುಕನ್ನೇ ಕಾದಂಬರಿಯಾಗಿಸಿದರು. ಹುಟ್ಟಿದ್ದು 1840ರಲ್ಲಿ, ತೀರಿಕೊಂಡದ್ದು 1952ರಲ್ಲಿ. ಎಳೆಯ ವಯಸ್ಸಿನಲ್ಲಿ ಮದುವೆ, ಕೆಲವೇ ತಿಂಗಳಲ್ಲಿ ಹಾವು ಕಚ್ಚಿ ಗಂಡನ ಸಾವು, ಮೈನೆರೆದಾಗ ಕೇಶಮುಂಡನ, ಅಲ್ಲಿಂದಾಚೆಗೆ ನೂರು ವರ್ಷದ ದುಡಿತ. ಮೂರು ನಾಲ್ಕು ತಲೆಮಾರಿನ ಬಾಣಂತನ, ಅಡುಗೆ, ಹಬ್ಬಹರಿದಿನಗಳೆಲ್ಲ ಅವಳ ಎರಡು ಕೈಯಲ್ಲಿ ನಡೆದುಹೋಗುತ್ತವೆ. ಅವಳು ಯಾರಿಗೂ ಕೆಟ್ಟದ್ದು ಆಡುವುದಿಲ್ಲ, ಯಾರಲ್ಲೂ ಏನೂ ಬೇಡುವುದಿಲ್ಲ.

ನಾನು ಓದುತ್ತಾ ಓದುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೆ. ಸಣ್ಣತ್ತೆ ಅಳಲಿಲ್ಲ. ಪುಸ್ತಕ ಮುಗಿದ ದಿನ ಹೊಸೆದ ಬತ್ತಿಗಳನ್ನು ಕಟ್ಟು ಕಟ್ಟುತ್ತಾ, "ಅಲ್ಲದೇ ಕೂಸೇ, ಆ ಪುಣ್ಯಾತಗಿತ್ತಿಗೆ ಒಂದು ದಿನಾನಾದ್ರೂ ಸಿಟ್ಟೇ ಬರಲಿಲ್ವಂತಾ?" ಎಂದು ಕೇಳಿದಳು.

ನಾನು ಬೆಪ್ಪಾದೆ. "ನಿನಗೆ ಬರ್ತಿತ್ತಾ?" ಎಂದೆ.

"ಬರದೇ ಏನು? ಸಿಟ್ಟು ಬಂದ್ರೆ ಹಿತ್ತಲಿಗೆ ಹೋಗಿ ಹಂಡೆ ತಿಕ್ಕುತಿದ್ದೆ. ನಮ್ಮನೆ ಹಂಡೆ ಊರಿಗೇ ಹೊಳೀತಿತ್ತು, ಕೇಳು ಬೇಕಾದ್ರೆ."

ಇದನ್ನು ಅವಳು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆಮೇಲೆ ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದ ಮೇಲೂ, ಫಣಿಯಮ್ಮನ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆಯ ಮಾತನ್ನು ನಾನು ಕೇಳಿಲ್ಲ ಎನ್ನಿಸುತ್ತದೆ. ಹಾಗೆಂದು ಅದು ಪೂರಾ ನ್ಯಾಯವಾದ ಮಾತೂ ಅಲ್ಲ. ಈಗ ಐವತ್ತೈದರ ಆಸುಪಾಸಿನಲ್ಲಿ ಆ ಕಾದಂಬರಿಯನ್ನು ಮತ್ತೆ ಓದುವಾಗ ಎರಡೂ ಒಟ್ಟಿಗೆ ಕಾಣಿಸಿದವು.

ನಾವು ಫಣಿಯಮ್ಮನನ್ನು ಓದಿದ ರೀತಿಯಲ್ಲೇ ಒಂದು ಮೋಸವಿದೆ. ಮಹಿಳಾ ಸಮಾಜದ ಸಭೆಗಳಲ್ಲಿ, ಪತ್ರಿಕೆಯ ಪುಟಗಳಲ್ಲಿ ನಾವು ಅವಳನ್ನು ತಪಸ್ವಿನಿ, ತ್ಯಾಗಮಯಿ, ದೇವತೆ ಎಂದೆಲ್ಲ ಕರೆದೆವು. ದೇವತೆ ಎಂದುಬಿಟ್ಟರೆ ನಮ್ಮ ಕೆಲಸ ಮುಗಿಯುತ್ತದೆ. ದೇವತೆಗೆ ಹಸಿವಿಲ್ಲ, ದೇವತೆಗೆ ಆಸ್ತಿಯಲ್ಲಿ ಪಾಲು ಬೇಕಿಲ್ಲ, ದೇವತೆಯ ಕೆಲಸಕ್ಕೆ ಸಂಬಳವಿಲ್ಲ. ಒಂದು ಹೊತ್ತಿನ ಊಟದಲ್ಲಿ ಹೆಂಗಸೊಬ್ಬಳನ್ನು ಬಾಳೆಲ್ಲ ದುಡಿಸಿಕೊಂಡ ಮನೆಗಳಿಗೆ ಈ ಹೊಗಳಿಕೆಯಿಂದ ಎಷ್ಟು ಅನುಕೂಲವೆಂದು ಯೋಚಿಸಿ. ಇಂದಿರಾ ಅವರ ಬರವಣಿಗೆಯೂ ಕೆಲವು ಕಡೆ ಈ ಹೊಗಳಿಕೆಗೆ ಜಾಗ ಬಿಟ್ಟುಕೊಡುತ್ತದೆ. ಫಣಿಯಮ್ಮನ ಒಳ್ಳೆಯತನವನ್ನು ಅವರು ಎಷ್ಟು ಪ್ರೀತಿಯಿಂದ ಚಿತ್ರಿಸುತ್ತಾರೆಂದರೆ, ಆ ಒಳ್ಳೆಯತನಕ್ಕೆ ಅವಳು ತೆತ್ತ ಬೆಲೆಯೇನು ಎಂದು ಕೇಳಲು ನಮಗೆ ಪುರುಸೊತ್ತಾಗುವುದಿಲ್ಲ.

ಆದರೆ ಕಾದಂಬರಿಯ ತಿರುಳು ಅಲ್ಲಿಲ್ಲ. ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿಯುವ ಪ್ರಸಂಗವನ್ನು ನೆನಪು ಮಾಡಿಕೊಳ್ಳಿ. ತಾನು ಜೀವಮಾನವಿಡೀ ಪಾಲಿಸಿಕೊಂಡು ಬಂದ ಆಚಾರವನ್ನೇ ಆ ಹುಡುಗಿ ಧಿಕ್ಕರಿಸುವಾಗ ಮುದುಕಿ ಫಣಿಯಮ್ಮ ನಿಲ್ಲುವುದು ಹುಡುಗಿಯ ಪಕ್ಕದಲ್ಲಿ. ತನಗಾದದ್ದು ಇವಳಿಗೂ ಆಗಲಿ ಎಂದು ಅವಳು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಅತ್ತೆಯರು, ಎಷ್ಟು ಅಜ್ಜಿಯರು ಹೀಗೆ ನಿಂತಿದ್ದಾರೆ? ಕೀಳುಜಾತಿಯೆಂದು ಊರು ದೂರವಿಟ್ಟ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಅವಳು ಮಡಿಯನ್ನು ಬದಿಗಿಟ್ಟು ಕೈ ಕೊಡುವುದೂ ಇದೇ ಬಗೆಯದು. ಸಣ್ಣತ್ತೆ ಹುಡುಕಿದ ಸಿಟ್ಟು ಇಲ್ಲಿ ಅಡಗಿತ್ತು. ಅದಕ್ಕೆ ಕೂಗಾಟವಿರಲಿಲ್ಲ, ಅಷ್ಟೇ. ಹದಿನೈದು ವರ್ಷದ ನಾನು ಈ ಭಾಗಗಳನ್ನು ಬೇಗ ಬೇಗ ಓದಿ ದಾಟಿಸಿದ್ದೆ, ದುಃಖದ ಭಾಗಗಳನ್ನು ಎಳೆದೆಳೆದು ಓದಿದ್ದೆ. ತಪ್ಪು ಓದಿದ್ದು ನಾನು.

ಸಣ್ಣತ್ತೆಯ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನೂ ಮತ್ತೆ ತೆರೆದೆ. ಮೊದಲನೆಯದು 1940ರ ದಶಕದ ಆರಂಭದಲ್ಲಿ ಬಂದ 'ಮರಳಿ ಮಣ್ಣಿಗೆ'. ಕೋಡಿಯ ರಾಮ ಐತಾಳರ ಮನೆಯಲ್ಲಿ ಅವರ ವಿಧವೆ ಸೋದರಿ ಸರಸೋತಿ ಇದ್ದಾಳೆ. ಆ ಕಾದಂಬರಿ ಎಂದರೆ ನಮಗೆಲ್ಲ ಮೂರು ತಲೆಮಾರಿನ ಕತೆ, ಐತಾಳರು, ಅವರ ಮಗ ಲಚ್ಚ, ಮೊಮ್ಮಗ ರಾಮ. ಪರೀಕ್ಷೆಗೂ ಹಾಗೇ ಬರೆದೆವು. ಗಂಡಸರನ್ನು ಎಣಿಸಿದರೆ ಮೂರು ತಲೆಮಾರು ಸರಿ. ಆದರೆ ಆ ಮನೆಯ ಒಲೆ, ಗದ್ದೆ, ಕಟ್ಟಿಗೆ, ಮಳೆಗಾಲದ ಸಿದ್ಧತೆ ಎಲ್ಲ ನಡೆದದ್ದು ಐತಾಳರ ಹೆಂಡತಿ ಪಾರೋತಿ ಮತ್ತು ಸರಸೋತಿಯ ದುಡಿತದಿಂದ. ಕಾರಂತರು ಇದನ್ನು ಮುಚ್ಚಿಡುವುದಿಲ್ಲ. ಸರಸೋತಿಗೆ ಖಡಕ್ಕಾದ ನಾಲಿಗೆಯನ್ನೂ ಮಾನವನ್ನೂ ಕೊಟ್ಟಿದ್ದಾರೆ. ಅವಳು ಬೇಡುವವಳಲ್ಲ, ಮನೆಯ ಅರ್ಧ ಭಾರ ಹೊತ್ತವಳು. ನಾದಿನಿ ಅತ್ತಿಗೆಯರೆಂದರೆ ಜಗಳವೆಂದೇ ಬರೆಯುತ್ತಿದ್ದ ಕಾಲದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಆಸರೆಯಾಗುವುದು ನನಗೆ ಈ ಸಲ ಬಹಳ ಹಿಡಿಸಿತು. ಮೂರನೆಯ ತಲೆಮಾರಿನ ರಾಮನ ಲೆಕ್ಕದಲ್ಲಿ ಈ ಸರಸೋತಿ ಅಜ್ಜನ ಒಡಹುಟ್ಟು, ಅಂದರೆ ನಮ್ಮ ಸಣ್ಣತ್ತೆಯಂಥವಳೇ. ಅವಳ ಸಿಟ್ಟಿಗೆ ಕಾದಂಬರಿಯಲ್ಲಿ ಜಾಗವಿದೆ, ಮಾತಿದೆ.

ಎರಡನೆಯದು 1968ರ 'ಮೂಕಜ್ಜಿಯ ಕನಸುಗಳು'. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಈ ಕೃತಿಗೆ. ಇದನ್ನು ಎಲ್ಲರೂ ಅಜ್ಜಿ ಮೊಮ್ಮಗನ ಸಂವಾದ ಎನ್ನುತ್ತಾರೆ. ಮೂಕಜ್ಜಿ, ಅಂದರೆ ಮೂಕಾಂಬಿಕೆ, ಹತ್ತು ವರ್ಷದ ಆಸುಪಾಸಿನಲ್ಲೇ ವಿಧವೆಯಾದವಳು. ಅವಳು ಯಾರನ್ನೂ ಹೆತ್ತವಳಲ್ಲ. ಹಾಗಾದರೆ ಸುಬ್ಬರಾಯನಿಗೆ ಅವಳು ಹೆತ್ತವರ ಲೆಕ್ಕದ ಅಜ್ಜಿಯಲ್ಲ, ಮನೆಯಲ್ಲೇ ಉಳಿದ ಮನೆಮಗಳು. ಇಷ್ಟು ಸರಳವಾದ ಸಂಗತಿ ನನಗೆ ಮೂರು ಸಲ ಓದಿದರೂ ಹೊಳೆದಿರಲಿಲ್ಲ. ಅಜ್ಜಿ ಎಂಬ ಮಾತಿನ ಬೆಚ್ಚಗಿನ ಹೊದಿಕೆಯಲ್ಲಿ ಹತ್ತು ವರ್ಷದ ಹುಡುಗಿ ಮುಚ್ಚಿಹೋಗಿದ್ದಳು.

ಮೂಕಜ್ಜಿ ದೇವರ ಬಗ್ಗೆ, ಸನ್ಯಾಸದ ಬಗ್ಗೆ, ಗಂಡುಹೆಣ್ಣಿನ ಸಂಬಂಧದ ಬಗ್ಗೆ ಆಡುವ ಮಾತು ಇಂದಿಗೂ ಧೈರ್ಯದ ಮಾತು. ಹೆಣ್ಣನ್ನು ಹೀಗಳೆದು ಮೋಕ್ಷ ಹುಡುಕುವವರನ್ನು ಅವಳು ಬಿಡುವುದಿಲ್ಲ. ಇಷ್ಟು ಮಾತಾಡುವ ಹೆಂಗಸಿಗೆ ಊರು ಮೂಕಿ ಎಂದು ಹೆಸರಿಟ್ಟದ್ದರಲ್ಲೇ ಕಾರಂತರ ಚಾಟಿಯೇಟಿದೆ. ಆದರೂ ನನ್ನದೊಂದು ತಕರಾರಿದೆ. ಅವಳ ಮಾತನ್ನು ನಾವು ಕೇಳಬೇಕಾದರೆ ಅವಳಿಗೆ ಒಂದು ಅತೀಂದ್ರಿಯ ಶಕ್ತಿ ಬೇಕಾಯಿತು. ಯಾವುದೋ ಕಾಲದ ವಸ್ತುವನ್ನು ಮುಟ್ಟಿ ಸಾವಿರಾರು ವರ್ಷದ ಹಿಂದಿನದನ್ನು ಕಾಣುವ ಶಕ್ತಿ. ಯಾವ ಶಕ್ತಿಯೂ ಇಲ್ಲದ, ನೂರು ಮಾವಿನಮಿಡಿಗೆ ಎಷ್ಟು ಸೇರು ಉಪ್ಪು ಎಂದು ಕೈಯಳತೆಯಲ್ಲೇ ಹೇಳುವ, ಊರಿನ ಪ್ರತಿ ಮಗುವೂ ಯಾವ ಮಳೆಯಲ್ಲಿ ಹುಟ್ಟಿತೆಂದು ನೆನಪಿಟ್ಟುಕೊಂಡ ಸಾಧಾರಣ ಅತ್ತೆಯರ ಮಾತನ್ನು ಕೇಳಲು ಯಾವ ಸುಬ್ಬರಾಯ ಕೂತಾನು? 2019ರಲ್ಲಿ ಪಿ. ಶೇಷಾದ್ರಿ ಅವರು ಇದನ್ನು ಸಿನಿಮಾ ಮಾಡಿದಾಗ ಬಿ. ಜಯಶ್ರೀ ಮೂಕಜ್ಜಿಯಾದರು. ಅಜ್ಜಿಯನ್ನು ನೋಡುತ್ತ ನನಗೆ ಮತ್ತೆ ಮತ್ತೆ ನೆನಪಾದದ್ದು ಹತ್ತಿ ಹರವಿದ ಹಿಂದಿನ ಜಗುಲಿ.

ಈ ಸಾಲಿನಲ್ಲಿ ವೈದೇಹಿಯವರ 'ಅಕ್ಕು' ಕತೆಯನ್ನು ಬಿಡುವಂತಿಲ್ಲ. ಅಕ್ಕು ವಿಧವೆಯಲ್ಲ, ಗಂಡ ಬಿಟ್ಟುಹೋದವಳು. ತವರುಮನೆಯ ಮೂಲೆಯಲ್ಲಿ ಇರುವವಳು. ಬಾಯಿಗೆ ಬಂದದ್ದನ್ನು ಎಲ್ಲರೆದುರೂ ಆಡಿಬಿಡುವವಳು. ಅದಕ್ಕೇ ಅವಳು ಹುಚ್ಚಿ. ಸಿಟ್ಟನ್ನು ನುಂಗಿದವಳಿಗೆ ದೇವತೆ ಎಂಬ ಹೆಸರು, ಕಾರಿದವಳಿಗೆ ಹುಚ್ಚಿ ಎಂಬ ಹೆಸರು. ಇವೆರಡರ ನಡುವೆ ನಮ್ಮ ಸಣ್ಣತ್ತೆಯಂಥವರು ಹಂಡೆ ತಿಕ್ಕುತ್ತಾ ಕಾಲ ಹಾಕಿದರು.

ಬೇರೆ ದಾರಿ ಇರಲೇ ಇಲ್ಲವೇ ಎಂದರೆ, ಕೆಲವರಿಗೆ ಇತ್ತು. ನಂಜನಗೂಡಿನ ತಿರುಮಲಾಂಬ ಬಾಲವಿಧವೆಯೇ. ತಂದೆಯ ಬೆಂಬಲದಿಂದ ಓದಿ, ಕಾದಂಬರಿಗಳನ್ನು ಬರೆದು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರೂ ಬಾಲವಿಧವೆ. 1913ರಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು, 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಅವರ ಕೈಗೆ ಒಂದು ಪುಸ್ತಕ, ಒಂದು ಲೇಖನಿ ಸಿಕ್ಕಿತು. ಸಣ್ಣತ್ತೆಯ ಕೈಗೆ ಹಂಡೆ ಸಿಕ್ಕಿತು. ಬುದ್ಧಿಯಲ್ಲಿ ಅವಳೇನೂ ಕಡಿಮೆಯಿದ್ದಳೆಂದು ನನಗನ್ನಿಸುವುದಿಲ್ಲ.

ಕಾನೂನೂ ಅವಳನ್ನು ಒಂದೊಂದು ಹೆಜ್ಜೆಯಲ್ಲಿ ತಪ್ಪಿಸಿಕೊಂಡು ಹೋಯಿತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಬಾಲ್ಯವಿವಾಹವನ್ನು ತಡೆಯುವ ಕಾನೂನು ಬಂದಿತ್ತು. ಆದರೆ ಅದು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಸಣ್ಣತ್ತೆಗೆ ಒಂಬತ್ತಾಗಿತ್ತು! ಹುಡುಗಿಗೆ ಹದಿನಾಲ್ಕು ಆಗಿರಬೇಕೆಂಬ ಶಾರದಾ ಕಾಯಿದೆ 1929ರದು. ಅಷ್ಟು ಹೊತ್ತಿಗೆ ಅವಳು ವಿಧವೆಯಾಗಿ ಹತ್ತು ವರ್ಷ. ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯಿದೆ ಮೈಸೂರಿನಲ್ಲಿ 1933ರಲ್ಲಿ ಬಂತು, ದೇಶಕ್ಕೆಲ್ಲ ಉತ್ತರಾಧಿಕಾರದ ಕಾಯಿದೆ 1956ರಲ್ಲಿ ಬಂತು. ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬುದು ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿಯಿಂದ ಬಂದದ್ದು. ಸಣ್ಣತ್ತೆ ತೀರಿಕೊಂಡದ್ದು 1989ರಲ್ಲಿ. ಗಂಡನ ಮನೆಯವರು ವರ್ಷಕ್ಕೆ ಎರಡು ಖಂಡುಗ ಭತ್ತ ಕಳಿಸುತ್ತಿದ್ದರಂತೆ, ನಾಲ್ಕೈದು ವರ್ಷವಾದ ಮೇಲೆ ಅದೂ ನಿಂತಿತಂತೆ. ಕೇಳುವವರು ಯಾರು?

ಹೆಸರಿನ ವಿಷಯಕ್ಕೆ ಬರುತ್ತೇನೆ. ಉಪನಯನವಾಗಿ ಒಂದು ತಿಂಗಳಿಗೆ ನಾನು ಮತ್ತೆ ಊರಿಗೆ ಹೋದೆ. ಅಣ್ಣನನ್ನು ಕಾಡಿಸಿ ಹಳೆಯ ಕಾಗದಪತ್ರದ ಟ್ರಂಕನ್ನು ಅಟ್ಟದಿಂದ ಇಳಿಸಿದೆವು. ಶಾಲೆಯ ದಾಖಲೆಯಲ್ಲಿ ಅವಳಿರಲು ಸಾಧ್ಯವಿರಲಿಲ್ಲ. ಮದುವೆಯ ಲಗ್ನಪತ್ರಿಕೆ ಉಳಿದಿರಲಿಲ್ಲ. ಕೊನೆಗೆ ಸಿಕ್ಕಿದ್ದು 1968ರ ಪಾಲುಪಟ್ಟಿ. ಅಜ್ಜ ಹೋದ ಮೇಲೆ ಅಪ್ಪ ಮತ್ತು ದೊಡ್ಡಪ್ಪ ಹಿಸೆಯಾದಾಗ ಬರೆಸಿದ್ದು. ತೋಟ, ಗದ್ದೆ, ಕೊಟ್ಟಿಗೆ, ಹಿತ್ತಾಳೆ ತಾಮ್ರದ ಪಾತ್ರೆಗಳು ಎಲ್ಲ ಸಾಲಾಗಿ ಇದ್ದವು. ನೀರು ಕಾಯಿಸುವ ತಾಮ್ರದ ಹಂಡೆ ದೊಡ್ಡಪ್ಪನ ಪಾಲಿಗೆ ಬಂದಿತ್ತು. ಅದಾದ ಮೇಲೆ, ಅಜ್ಜನ ತಂಗಿ ವಿಧವೆ ಇಂಥವಳನ್ನು ಇಬ್ಬರೂ ಆರಾರು ತಿಂಗಳು ಅನ್ನವಸ್ತ್ರ ಕೊಟ್ಟು ನೋಡಿಕೊಳ್ಳತಕ್ಕದ್ದು ಎಂದು ಒಂದು ಸಾಲು. ಅಲ್ಲಿ ಅವಳ ಹೆಸರಿತ್ತು. ಒಂದು ನದಿಯ ಹೆಸರು.

ಬರೆಸಿದವರಲ್ಲಿ ಒಬ್ಬರು ನನ್ನ ಅಪ್ಪ. ಅಪ್ಪ ಒಳ್ಳೆಯವರು, ಸಣ್ಣತ್ತೆಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುತ್ತಿದ್ದರು. ಆದರೂ ಹಂಡೆಯ ಕೆಳಗಿನ ಸಾಲಿನಲ್ಲಿ ಅವಳನ್ನು ಬರೆಸುವಾಗ ಅವಳನ್ನು ಒಂದು ಮಾತು ಕೇಳಿದ್ದರೋ ಏನೋ. ನಾನೇನು ಕಡಿಮೆ? ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ, "ರಜೆಗೆ ಬಂದಾಗ ಆ ಫಣಿಯಮ್ಮನ ಪುಸ್ತಕ ಇನ್ನೊಂದು ಸಲ ಓದೇ" ಎಂದು ಅವಳು ಹೇಳಿ ಕಳಿಸಿದ್ದಳು. ನಾನು ಗೆಳತಿಯ ಮದುವೆಗೆ ಹೋದೆ. ಮುಂದಿನ ರಜೆಗೆ ಅವಳಿರಲಿಲ್ಲ. ಎರಡನೆಯ ಸಲ ಕೇಳಿದ್ದರೆ ದಾಕ್ಷಾಯಿಣಿಯ ಭಾಗವನ್ನು ನಾನು ನಿಧಾನವಾಗಿ ಓದುತ್ತಿದ್ದೆನೋ, ಅವಳು ತನ್ನ ಮಾತನ್ನು ಬದಲಿಸುತ್ತಿದ್ದಳೋ, ಈಗ ಯಾರು ಹೇಳಬೇಕು.

ಶಾಲೆಯಲ್ಲಿ ಪ್ರತಿ ವರ್ಷ ನಾನು ಮಕ್ಕಳಿಗೆ 'ನನ್ನ ಅಜ್ಜಿ' ಎಂದು ಪ್ರಬಂಧ ಬರೆಯಲು ಕೊಡುತ್ತಿದ್ದೆ. ಈ ವರ್ಷ ಅದನ್ನು 'ನಮ್ಮ ಮನೆಯ ಹಿರಿಯ ಹೆಂಗಸು' ಎಂದು ಬದಲಿಸಿ, ಮೊದಲ ಸಾಲಿನಲ್ಲಿ ಅವರ ಹೆಸರು ಬರೆಯಬೇಕೆಂದು ಹೇಳಿದೆ. ನಲವತ್ತೆರಡು ಮಕ್ಕಳಲ್ಲಿ ಹದಿಮೂರು ಮಕ್ಕಳು ಮನೆಗೆ ಹೋಗಿ ಕೇಳಿಕೊಂಡು ಬರುತ್ತೇವೆಂದರು.

ಅಣ್ಣನಿಗೆ ಹೆಸರನ್ನು ಬರೆದು ಕೊಟ್ಟು ಬಂದಿದ್ದೇನೆ. ಅವನ ಮೊಮ್ಮಗಳ ನಾಮಕರಣಕ್ಕೆ ಮರವನ್ನು ಮತ್ತೆ ಅಚ್ಚು ಹಾಕಿಸುವವನಿದ್ದಾನೆ. ಕೊಂಬೆ ಮುಂದಕ್ಕೆ ಹೋಗದಿದ್ದರೂ ಚಿಂತೆಯಿಲ್ಲ, ಅಜ್ಜನ ಪಕ್ಕದಲ್ಲಿ ಒಂದು ಎಲೆ ಬರೆಸು ಎಂದಿದ್ದೇನೆ. ಅಲ್ಲಿ ಅವಳ ಹೆಸರು ಬಂದ ಮೇಲೆ ಇಲ್ಲಿಯೂ ಬರೆಯುತ್ತೇನೆ. ಹಂಡೆ ಈಗಲೂ ಅಣ್ಣನ ಮನೆಯ ಹಿತ್ತಲಿನಲ್ಲಿದೆ. ಸೋಲಾರ್ ಬಂದ ಮೇಲೆ ಅದರಲ್ಲಿ ಯಾರೂ ನೀರು ಕಾಯಿಸುವುದಿಲ್ಲ. ಕಿಲುಬು ಹಿಡಿದು ಹಸಿರಾಗಿದೆ.